ಜೂಮ್ ಎಫ್3 ರೆಕಾರ್ಡರ್: ಮಲೆನಾಡಿನ ಟರ್ಬೈನ್ ಶೆಡ್ಡುಗಳಲ್ಲಿ ಬಹುಕಾಲ ಬಳಸಿದ ಮೇಲೆ

ಹಳ್ಳದ ನೀರಿನಿಂದ 1 ಕಿಲೋವಾಟ್ ಆಸುಪಾಸಿನ ಕರೆಂಟ್ ತೆಗೆಯುವ ಕಿರು ಟರ್ಬೈನ್‌ಗಳು ಮಲೆನಾಡು, ಕೊಡಗಿನ ಒಂಟಿಮನೆಗಳ ಕಡೆ ಸಿಗುತ್ತವೆ. ಅವು ಹೇಗೆ ನಡೆಯುತ್ತವೆ ಎಂದು ವಿದ್ಯಾರ್ಥಿಗಳಿಗೆ ತೋರಿಸುವ ವಿಡಿಯೋ ಮಾಡಹೊರಟರೆ ಮೊದಲು ಕೈಕೊಡುವುದು ಕ್ಯಾಮೆರಾ ಅಲ್ಲ, ಧ್ವನಿ. ಶೆಡ್ಡಿನೊಳಗೆ ನೀರಿನ ಚಿಲುಮೆ ಬಡಿದು ತಿರುಗುವ ಪೆಲ್ಟನ್ ಚಕ್ರದ ಕಿವಿಗಡಚಿಕ್ಕುವ ಸದ್ದು. ಅಂಗಳಕ್ಕೆ ಬಂದು ಮನೆಯ ಯಜಮಾನರು ಮಾತಿಗೆ ಶುರುಮಾಡಿದರೆ ಮೆಲುದನಿ. ಒಬ್ಬಿಬ್ಬರೇ ಹೋಗಿ ಮಾಡುವ ಇಂಥ ಶೂಟಿಂಗ್‌ಗೆ ಎಫ್3 ಹೇಳಿಮಾಡಿಸಿದ ಯಂತ್ರ. ಆದರೆ ಅದು ಕಾಯದ ಕಡೆಗಳೂ ಇವೆ.

ಅಂಗೈಯಗಲದ ಪೆಟ್ಟಿಗೆ, ಮೈಕ್ ಕೇಬಲ್ ಸಿಕ್ಕಿಸಲು ಎರಡು ಎಕ್ಸ್‌ಎಲ್‌ಆರ್ ಇನ್‌ಪುಟ್, ತೀರಾ ಸಣ್ಣ ಸದ್ದಿನಿಂದ ತೀರಾ ದೊಡ್ಡದರವರೆಗೆ ಒಂದೇ ಫೈಲ್‌ನಲ್ಲಿ ಹಿಡಿದಿಡುವ 32-ಬಿಟ್ ಫ್ಲೋಟ್ ರೆಕಾರ್ಡಿಂಗ್. ಒಳಗೆ ಮೈಕ್ ಇಲ್ಲ, ಗೇನ್ (ಮೈಕ್ ಸಂಕೇತವನ್ನು ಎಷ್ಟು ಹಿಗ್ಗಿಸಬೇಕೆಂಬುದು) ತಿರುಗಿಸುವ ಗುಂಡಿಯೂ ಇಲ್ಲ. ಪ್ರತಿ ಚಾನೆಲ್‌ಗೆ ಧ್ವನಿಸಂಕೇತವನ್ನು ಅಂಕಿಗಳಾಗಿ ಬದಲಿಸುವ ಎರಡೆರಡು ಎಡಿ ಕನ್ವರ್ಟರ್ ಇದ್ದು ಒಂದು ಸಣ್ಣ ಸದ್ದನ್ನು, ಇನ್ನೊಂದು ದೊಡ್ಡದನ್ನು ಹಿಡಿಯುತ್ತದೆ. ಆದ್ದರಿಂದ ಲೆವೆಲ್ ಹೊಂದಿಸುವ ತಲೆನೋವೇ ಇಲ್ಲ. ವಾಲ್ವ್ ತಿರುಗಿಸಿದ ಕ್ಷಣ ನೀರು ನುಗ್ಗಿ ಸದ್ದು ಏರಿದರೂ ಎಡಿಟಿಂಗ್‌ನಲ್ಲಿ ಇಳಿಸಿದರೆ ಧ್ವನಿಯಲೆಯ ಆಕಾರ ಹಾಗೇ ಇರುತ್ತದೆ.

ಇದನ್ನು ಓದಿ ‘ಇನ್ನು ಧ್ವನಿ ಒಡೆಯುವುದೇ ಇಲ್ಲ’ ಎಂದುಕೊಳ್ಳಬೇಡಿ. ಮೈಕ್ ಸೆಟ್ಟಿಂಗ್‌ನಲ್ಲಿ ಇನ್‌ಪುಟ್ ತಡೆಯುವುದು +4 ಡಿಬಿಯು (ಒಳಬರುವ ವಿದ್ಯುತ್ ಸಂಕೇತದ ಮಟ್ಟದ ಅಳತೆ) ವರೆಗೆ, ಜೋರು ಸಂಕೇತಕ್ಕಿರುವ ಲೈನ್ ಸೆಟ್ಟಿಂಗ್‌ನಲ್ಲಿ +24. ಅದಕ್ಕೂ ಮೊದಲೇ ಸದ್ದು ಹಿಡಿಯುವ ಮೈಕಿನ ಕ್ಯಾಪ್ಸೂಲೇ ಸೋತರೆ ಯಾವ ಬಿಟ್ಟೂ ಉಳಿಸದು. ಗಾಳಿ ಹೊಡೆತವೂ ಹಾಗೇ: ಡೆಡ್‌ಕ್ಯಾಟ್ (ಗಾಳಿ ತಡೆಯುವ ತುಪ್ಪಳದ ಹೊದಿಕೆ) ಇಲ್ಲದ, ಎದುರಿನ ಸದ್ದನ್ನಷ್ಟೇ ಹೆಚ್ಚು ಹಿಡಿಯುವ ಶಾಟ್‌ಗನ್ ಮೈಕ್‌ಗೆ ಬಿದ್ದ ಗಾಳಿಯ ಗುಡುಗುಡು ಆಮೇಲೆ ಹೋಗುವುದಿಲ್ಲ. ಹೆಡ್‌ಫೋನ್‌ನಲ್ಲಿ ಒಡಕು ಕೇಳಿದರೆ ಮಾತ್ರ ಗಾಬರಿ ಬೇಡ. ಎಷ್ಟೋ ಸಲ ಅದು ಹೆಡ್‌ಫೋನ್ ಆಂಪ್ಲಿಫೈಯರ್‌ನದು. ವಾಲ್ಯೂಮ್ ಇಳಿಸಿ ಕೇಳಿ, ಒಡಕು ಹೋದರೆ ಫೈಲ್ ಸರಿಯಾಗಿಯೇ ಇದೆ.

ಕರೆಂಟ್ ವಿಷಯಕ್ಕೆ ಬಂದರೆ, ಎರಡು ಎಎ ಸೆಲ್ ಸಾಕು ಎನ್ನುವುದು ಫ್ಯಾಂಟಮ್ (ಕೇಬಲ್ ಮೂಲಕ ರೆಕಾರ್ಡರ್ ಮೈಕ್‌ಗೆ ಕೊಡುವ ವಿದ್ಯುತ್) ಬೇಡದ ಡೈನಾಮಿಕ್ ಮೈಕ್‌ಗೆ ನಿಜ. 48 ವೋಲ್ಟ್ ಫ್ಯಾಂಟಮ್ ಹಾಕಿದೊಡನೆ ಸೆಲ್ ಬೇಗ ಕರಗುತ್ತದೆ. ಮೈಕ್ ಒಪ್ಪಿದರೆ 24 ವೋಲ್ಟ್ ಆರಿಸಿ. ಮುಖ್ಯ ಶೂಟಿಂಗ್ ಯುಎಸ್‌ಬಿ-ಸಿ ಪವರ್ ಬ್ಯಾಂಕ್ ಮೇಲೆ ನಡೆಯಲಿ, ಸೆಲ್ ಒಳಗೇ ಇರಲಿ. ರೀಚಾರ್ಜೆಬಲ್ ಸೆಲ್ ಹಾಕಿದರೆ ಮೆನುವಿನಲ್ಲಿ ಬ್ಯಾಟರಿ ವಿಧವನ್ನು ನಿಕ್ಕಲ್ ಮೆಟಲ್ ಹೈಡ್ರೈಡ್ ಎಂದು ಬದಲಿಸಿ. ಅವು 1.2 ವೋಲ್ಟ್‌ನವು, ಆಲ್ಕಲೈನ್ ಎಂದೇ ಬಿಟ್ಟರೆ ಉಳಿದ ಚಾರ್ಜ್ ತಪ್ಪಾಗಿ ತೋರುತ್ತದೆ.

ಟರ್ಬೈನ್‌ನ ಕರೆಂಟ್‌ನಲ್ಲೇ ಚಾರ್ಜರ್ ಹಾಕಿ ಸಂದರ್ಶನ ತೆಗೆಯಬೇಡಿ. ಬೇಡದ ವಿದ್ಯುತ್ತನ್ನು ಹೀಟರ್‌ಗೆ ತಿರುಗಿಸುವ ಲೋಡ್ ಕಂಟ್ರೋಲರ್ ಥೈರಿಸ್ಟರ್ ಎಂಬ ಎಲೆಕ್ಟ್ರಾನಿಕ್ ಸ್ವಿಚ್‌ನಿಂದ ಕರೆಂಟ್‌ನ ಅಲೆಯನ್ನು ಕತ್ತರಿಸುವ ಮಾದರಿಯದಾಗಿದ್ದರೆ, ಗುಂಯ್‌ಗುಡುವ ಸದ್ದು ಚಾರ್ಜರ್ ಮೂಲಕ ಧ್ವನಿಗೆ ಸೇರಬಹುದು. ಆವರ್ತನ ಸರಿಯಾಗಿ 50 ಹರ್ಟ್ಸ್ ಇರುತ್ತದೆಂಬ ಖಾತ್ರಿಯೂ ಇಲ್ಲ, ಆದ್ದರಿಂದ 50ಕ್ಕೆ ನಿಲ್ಲಿಸಿದ ಫಿಲ್ಟರ್ ಕೆಲಸ ಮಾಡದೇ ಹೋಗಬಹುದು. ಯಾರೂ ಮಾತಾಡದ ಒಂದು ನಿಮಿಷದ ಶೆಡ್ಡಿನ ಸದ್ದನ್ನು ಬೇರೆಯಾಗಿ ತೆಗೆದಿಟ್ಟುಕೊಂಡರೆ ಸ್ಪೆಕ್ಟ್ರಮ್ (ಯಾವ ಆವರ್ತನದಲ್ಲಿ ಎಷ್ಟು ಸದ್ದಿದೆ ಎಂಬ ಚಿತ್ರ) ನೋಡಿ ಆವರ್ತನದ ನಿಜವಾದ ಸಂಖ್ಯೆ ಹಿಡಿಯಬಹುದು. ಅಲ್ಲಿನ ಬಲ್ಬ್ ಕ್ಯಾಮೆರಾದಲ್ಲಿ ಮಿನುಗಿದರೂ ಅದೇ ಸಂಖ್ಯೆಗೆ ಷಟರ್ ಹೊಂದಿಸಿ.

ಮಳೆಗಾಲದಲ್ಲಿ ರೆಕಾರ್ಡರ್‌ಗಿಂತ ಮೈಕ್‌ಗಳದ್ದೇ ಕಿರಿಕಿರಿ. ತೇವ ಹೊಕ್ಕ ಕಂಡೆನ್ಸರ್ ಮೈಕ್ ಪಟಪಟ ಅನ್ನುತ್ತದೆ. ಕಂಡೆನ್ಸರ್‌ಗಳಲ್ಲೇ ಆರ್‌ಎಫ್ ಬಯಾಸ್ (ಒಳಗೆ ರೇಡಿಯೋ ಆವರ್ತನದ ಸಂಕೇತ ಬಳಸುವ) ಮಾದರಿಯವು ಹೆಚ್ಚು ತಾಳುತ್ತವೆ. ಎಸಿ ಕಾರಿನಿಂದ ಇಳಿದ ತಕ್ಷಣ ಚೀಲ ಬಿಚ್ಚಿದರೆ ತಣ್ಣಗಿನ ಲೋಹದ ಮೇಲೆ ನೀರು ಕಟ್ಟುತ್ತದೆ. ಗಾಳಿಯಾಡದ ಡಬ್ಬಿಯಲ್ಲೇ ಅರ್ಧ ಗಂಟೆ ಬಿಟ್ಟು ತೆಗೆಯಿರಿ, ಒಳಗೆ ಒಣಗಿಸಿದ ಸಿಲಿಕಾ ಜೆಲ್ ಇರಲಿ.

ಫೈಲ್ ಲೆಕ್ಕ ಸುಲಭ: 48 ಕಿಲೋಹರ್ಟ್ಸ್ ಸ್ಟೀರಿಯೋಗೆ ಗಂಟೆಗೆ ಸುಮಾರು 1.4 ಜಿಬಿ. 64 ಜಿಬಿಯ ಮೈಕ್ರೊಎಸ್‌ಡಿಗೆ 45 ಗಂಟೆ ಹಿಡಿಯುತ್ತದೆ. ಎಡಿಟಿಂಗ್‌ನಲ್ಲಿ ಮೊದಲು ಲೆವೆಲ್ ಇಳಿಸಿ, ಆಮೇಲೆ 24-ಬಿಟ್‌ಗೆ ಬದಲಿಸಿ. ಉಲ್ಟಾ ಮಾಡಿದರೆ 0 ಡಿಬಿ ದಾಟಿದ್ದೆಲ್ಲ ಅಲ್ಲೇ ಕತ್ತರಿಸಿ ಹೋಗುತ್ತದೆ. ಅಡಾಸಿಟಿ, ಡಾವಿಂಚಿ ರಿಸಾಲ್ವ್ ಎರಡಕ್ಕೂ ಈ ಫೈಲ್ ಒಗ್ಗುತ್ತದೆ; ಮೊಬೈಲ್ ಆ್ಯಪ್‌ಗಳನ್ನು ನಂಬಿಕೊಂಡು ಹೋಗಬೇಡಿ.

ನನಗೆ ಸರಿಬರದಿರುವುದು ಟೈಮ್‌ಕೋಡ್, ಅಂದರೆ ಕ್ಯಾಮೆರಾದ ಚಿತ್ರಕ್ಕೂ ರೆಕಾರ್ಡರ್‌ನ ಧ್ವನಿಗೂ ಒಂದೇ ಸಮಯದ ಗುರುತು ಹಾಕುವ ವ್ಯವಸ್ಥೆ. ಬಿಟಿಎ-1 ಬ್ಲೂಟೂತ್ ಅಡಾಪ್ಟರ್ ಬೇರೆ ಕೊಳ್ಳಬೇಕು, ಟೈಮ್‌ಕೋಡ್ ಕಳಿಸುವ ಅಲ್ಟ್ರಾಸಿಂಕ್ ಬ್ಲೂ ಸಾಧನ ಬೇರೆ. ಅಡಾಪ್ಟರ್ ಅನ್ನು ಟೈಮ್‌ಕೋಡ್‌ಗೆ ಬಳಸಿದರೆ ಫೋನ್‌ನಿಂದ ನಿಯಂತ್ರಿಸಲಾಗದು. ರೆಕಾರ್ಡರನ್ನು ಶೆಡ್ಡಿನೊಳಗಿಟ್ಟು ಹೊರಗಿನಿಂದ ಚಾಲೂ ಮಾಡುವ ಸೌಕರ್ಯವೇ ನನಗೆ ಹೆಚ್ಚು, ಹಾಗಾಗಿ ಚಿತ್ರ, ಧ್ವನಿ ಹೊಂದಿಸಲು ಚಪ್ಪಾಳೆಯೇ ಗತಿ. ಅದೂ ಆರಂಭಕ್ಕೊಂದು, ಕೊನೆಗೊಂದು: ಕ್ಯಾಮೆರಾ, ರೆಕಾರ್ಡರ್‌ಗಳ ಒಳಗಿನ ಗಡಿಯಾರಗಳ ನಡುವೆ ಹತ್ತು ಲಕ್ಷಕ್ಕೆ 20ರಷ್ಟು ವ್ಯತ್ಯಾಸವಿದ್ದರೂ ಗಂಟೆಗೆ 72 ಮಿಲಿಸೆಕೆಂಡ್, ಅಂದರೆ ಸೆಕೆಂಡಿಗೆ 25 ಫ್ರೇಮ್‌ನ ವಿಡಿಯೋದಲ್ಲಿ ಸುಮಾರು ಎರಡು ಫ್ರೇಮ್ ಜಾರುತ್ತದೆ. ಇನ್‌ಪುಟ್ ಎರಡೇ ಇರುವುದರಿಂದ ಮೂವರನ್ನು ಕೂರಿಸಿ ಮಾತಾಡಿಸುವ ಯೋಜನೆ ಇದ್ದವರು ಇದನ್ನು ಬಿಟ್ಟು ಹೆಚ್ಚು ಚಾನೆಲ್ಲಿನ ಯಂತ್ರ ನೋಡಿ.