ಅಲರ್ಜಿಯ ಮೂಗಿನತ್ತ ಹಿಡಿದ ಥರ್ಮಲ್ ಕ್ಯಾಮೆರಾ: ಫ್ಲಿರ್ ಒನ್ ಪ್ರೊ

ಮೈಯೋ ವಸ್ತುವೋ ಹೊರಸೂಸುವ ಶಾಖದ ಕಿರಣಗಳನ್ನು ಬಣ್ಣಗಳಾಗಿ ತೋರಿಸುವ, ಮೊಬೈಲಿನ ಚಾರ್ಜಿಂಗ್ ಕಿಂಡಿಗೆ ಸಿಕ್ಕಿಸುವ ಈ ಪುಟ್ಟ ಕ್ಯಾಮೆರಾವನ್ನು ಹೆಚ್ಚಿನವರು ಕೊಳ್ಳುವುದು ಗೋಡೆಯ ಸೋರಿಕೆಯನ್ನೋ ಬಿಸಿಯೇರಿದ ವೈರಿಂಗನ್ನೋ ಪತ್ತೆಹಚ್ಚಲು. ಮೂಗಿನ ಅಲರ್ಜಿಯನ್ನು ಇದರಿಂದ ಗಮನಿಸಬಹುದೇ ಎಂಬುದಷ್ಟೇ ನನ್ನ ಪ್ರಶ್ನೆಯಾಗಿತ್ತು. ದೂಳುನುಸಿಯೋ ಪಾರ್ಥೇನಿಯಂ ಪರಾಗವೋ ಒಗ್ಗದವರ ಮೂಗಿನೊಳಗೆ ಹೊಕ್ಕಾಗ, ಮಾಸ್ಟ್ ಕೋಶಗಳು (ದೇಹದ ರಕ್ಷಣಾ ಕೋಶಗಳು) ಅಲರ್ಜಿ ಕೆರಳಿಸುವ ಹಿಸ್ಟಮಿನ್ ಎಂಬ ರಾಸಾಯನಿಕವನ್ನು ಬಿಡುಗಡೆ ಮಾಡಿ, ನಿಮಿಷಗಳಲ್ಲೇ ಒಳಪೊರೆಯ ರಕ್ತನಾಳಗಳು ಹಿಗ್ಗುತ್ತವೆ. ಆ ಬಿಸಿ ಹೊರಚರ್ಮದಲ್ಲೂ ಕಂಡೀತೆಂಬುದು ಇಲ್ಲಿನ ತರ್ಕ.

ಕ್ಯಾಮೆರಾ 0.07 ಡಿಗ್ರಿಯಷ್ಟು ಸಣ್ಣ ವ್ಯತ್ಯಾಸವನ್ನೂ ಗುರುತಿಸಬಲ್ಲದು. ಆದರೆ ತೋರಿಸುವ ತಾಪಮಾನದಲ್ಲಿ 3 ಡಿಗ್ರಿಯವರೆಗೆ ಹೆಚ್ಚುಕಡಿಮೆಯಾಗಬಹುದೆಂದು ತಯಾರಕರೇ ಹೇಳುವುದರಿಂದ, ಮೂಗಿನ ತುದಿಯ ಅಂಕಿಯನ್ನು ಒಂದೇ ಚಿತ್ರದಲ್ಲಿರುವ ಹಣೆಯ ಅಂಕಿಯೊಡನೆ ಹೋಲಿಸುವುದೇ ಸರಿ. ಚಿತ್ರದ ಬಿಂದುಗಳು (ಪಿಕ್ಸೆಲ್) 160×120 ಮಾತ್ರ. ಇಡೀ ಮುಖ ಹಿಡಿದರೆ ಮೂಗಿನ ಪಾಲಿಗೆ ಉಳಿಯುವುದು ಅಲ್ಪ. ಕನ್ನಡಕವನ್ನು ತೆಗೆಯಲೇಬೇಕು, ಗಾಜು ಶಾಖದ ಈ ಕಿರಣಗಳನ್ನು ಬಿಡುವುದಿಲ್ಲ.

ದೂಳಿನ ಅಲರ್ಜಿಯಿರುವ ನನ್ನ ತಂಗಿ ಪುಸ್ತಕದ ಕಪಾಟು ಒರೆಸಿ ಬಂದು ಕೂತಾಗ ಪರದೆಯಲ್ಲಿ ಎದ್ದು ಕಂಡದ್ದು ಉಸಿರು. ಒಳಗೆಳೆದಾಗ ಹೊಳ್ಳೆಗಳ ಅಂಚು ತಂಪಾಗಿ ನೀಲಿಗೆ ತಿರುಗಿ, ಬಿಟ್ಟಾಗ ಬೆಚ್ಚಗಾಗಿ ಹಳದಿಯಾಗುತ್ತಿತ್ತು. ಈ ಏರಿಳಿತದಲ್ಲಿ ಅಲರ್ಜಿಯ ಸೂಕ್ಷ್ಮ ಬಿಸಿ ಯಾವುದೆಂದು ಬಿಡಿಸಿ ಹೇಳುವುದು ಕಷ್ಟ. ಮೇಲಾಗಿ ಸೋರುವ ನೀರು ಆರುತ್ತಾ ಚರ್ಮವನ್ನು ತಂಪಾಗಿಸುತ್ತದೆ, ಕರ್ಚೀಫಿನಿಂದ ಉಜ್ಜಿದರೆ ಅದೇ ಜಾಗ ಬೆಚ್ಚಗಾಗುತ್ತದೆ. ಸ್ವಲ್ಪ ಹೊತ್ತಿನಲ್ಲಿ ಎಡಹೊಳ್ಳೆಯ ಬಣ್ಣ ಬದಲಾಗುವುದೇ ನಿಂತಿತು: ಅದು ಕಟ್ಟಿಕೊಂಡಿತ್ತು. ನನ್ನ ಮಟ್ಟಿಗೆ ಈ ಉಪಕರಣ ನಿಚ್ಚಳವಾಗಿ ತೋರಿಸುವುದು ಇದೊಂದನ್ನೇ. ಅದನ್ನೂ ಅಲರ್ಜಿಯ ತಲೆಗೆ ಕಟ್ಟುವಂತಿಲ್ಲ. ಆರೋಗ್ಯವಂತರಲ್ಲೂ ಕೆಲವು ಗಂಟೆಗಳಿಗೊಮ್ಮೆ ಹೊಳ್ಳೆಗಳು ಸರದಿಯಂತೆ ಬಿಗಿಯುವುದುಂಟು, ಪ್ರಾಣಾಯಾಮ ಮಾಡುವವರಿಗೆ ಇದು ಹೊಸತಲ್ಲ.

ಫ್ಯಾನ್ ಆರಿಸಿ, ಕಾಲು ಗಂಟೆ ಸುಮ್ಮನೆ ಕೂರಿಸಿ, ದೂರವನ್ನು ಬದಲಿಸದೆ ಚಿತ್ರ ತೆಗೆಯುವ ತಾಳ್ಮೆಯಿದ್ದರೆ ಕಾಲೇಜಿನ ಶರೀರಕ್ರಿಯಾಶಾಸ್ತ್ರ ಪ್ರಯೋಗಾಲಯಕ್ಕೆ ಇದು ಒಳ್ಳೆಯ ಸಾಧನ. ರೋಗನಿರ್ಣಯಕ್ಕೆಂದು ಕೊಳ್ಳುವವರಿಗೆ ಬೇಡವೆಂದೇ ಹೇಳುತ್ತೇನೆ; ಅದಕ್ಕೆ ಚರ್ಮದ ಚುಚ್ಚು ಪರೀಕ್ಷೆ ಮತ್ತು ಐಜಿಇ (ಅಲರ್ಜಿಗೆ ಸಂಬಂಧಿಸಿದ ಪ್ರತಿಕಾಯ) ರಕ್ತಪರೀಕ್ಷೆಗಳಿವೆ. ಪರೀಕ್ಷೆಗೆಂದು ಬೇಕಂತಲೇ ದೂಳು ಮೂಸಿಸುವುದಂತೂ ವೈದ್ಯರ ಎದುರಲ್ಲದೆ ಕೂಡದು, ಆಸ್ತಮಾ ಇರುವವರಲ್ಲಿ ಉಬ್ಬಸ ಕೆರಳೀತು. ಕ್ಯಾಮೆರಾದ ಬ್ಯಾಟರಿ ಬರುವುದು ಸುಮಾರು ಒಂದು ಗಂಟೆ. ಮೊದಲ ಸೀನು-ಸೋರಿಕೆ ತಗ್ಗಿದ ಮೇಲೆ ಮತ್ತೆ ಮೂಗು ಕಟ್ಟುವ, ಅಲರ್ಜಿಯ ಎರಡನೆಯ ಹಂತ ಕಾಣಿಸಿಕೊಳ್ಳುವುದು 4ರಿಂದ 8 ಗಂಟೆಗಳ ನಂತರವಾದ್ದರಿಂದ ನಡುವೆ ಚಾರ್ಜ್ ಮಾಡಿಕೊಳ್ಳಬೇಕಾಗುತ್ತದೆ.