ವರ್ಲ್ಡ್ ಇನ್‌ಈಕ್ವಾಲಿಟಿ ಡೇಟಾಬೇಸ್: ಕ್ಲಾಸಿನಲ್ಲಿ ಬಳಸಿ ನೋಡಿದೆ

ದಾವಣಗೆರೆಯಲ್ಲಿ ಡಿಗ್ರಿ ಮಕ್ಕಳಿಗೆ ಅರ್ಥಶಾಸ್ತ್ರ ಹೇಳಿಕೊಡುತ್ತೇನೆ. ದೇಶ ಬೆಳೆದ ಹಾಗೆ ಬಡವರು, ಶ್ರೀಮಂತರ ಅಂತರ ಏನಾಗುತ್ತದೆ ಅನ್ನುವ ಪಾಠಕ್ಕೆ ಈ ಸಲ ವರ್ಲ್ಡ್ ಇನ್‌ಈಕ್ವಾಲಿಟಿ ಡೇಟಾಬೇಸ್ ಬಳಸಿದೆ. ಯಾವ ದೇಶದಲ್ಲಿ ಯಾರಿಗೆ ಎಷ್ಟು ಆದಾಯ, ಆಸ್ತಿ ಸೇರುತ್ತದೆ ಅಂತ ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿ ಇಟ್ಟಿರುವ ವೆಬ್‌ಸೈಟ್ ಇದು. ದುಡ್ಡು ಕೊಡಬೇಕಿಲ್ಲ. ಅಂಕಿಅಂಶ ಡೌನ್‌ಲೋಡ್ ಮಾಡಿಕೊಳ್ಳಬಹುದು. ಈ ಪಾಠ ಮಾಡುವವರೆಲ್ಲ ಇದನ್ನು ಬಳಸಲೇಬೇಕು.

ಗ್ರಾಫಿನಲ್ಲಿ ಭಾರತದ ಗೆರೆ ಶುರುವಾಗುವುದು 1922ರಿಂದ, ಹೊಸ ಆದಾಯ ತೆರಿಗೆ ಕಾಯ್ದೆ ಬಂದ ವರ್ಷ. ದೇಶದ ಒಟ್ಟು ಆದಾಯದಲ್ಲಿ ಅತಿ ಶ್ರೀಮಂತ ಶೇ 1 ಜನರ ಪಾಲು ಸ್ವಾತಂತ್ರ್ಯಕ್ಕೆ ಮೊದಲು ಏರಿತ್ತು. ಆಮೇಲೆ ಇಳಿಯುತ್ತಾ 1980ರ ದಶಕದ ಆರಂಭಕ್ಕೆ ಶೇ 6ರ ಆಸುಪಾಸಿಗೆ ಬಂತು. ಅಲ್ಲಿಂದ ಮತ್ತೆ ಏರಿಕೆ. ಇವರ ಲೆಕ್ಕದಲ್ಲಿ 2022–23ಕ್ಕೆ ಅದು ಶೇ 22.6. ಕೆಳಗಿನ ಅರ್ಧ ಜನರಿಗೆಲ್ಲ ಸೇರಿ ಸಿಕ್ಕಿದ್ದು ಶೇ 15.

ಕೈಗಾರಿಕೆ ಬೆಳೆಯುವಾಗ ಅಂತರ ಮೊದಲು ಹೆಚ್ಚಿ ಆಮೇಲೆ ಇಳಿಯುತ್ತದೆ ಅಂತ ಅರ್ಥಶಾಸ್ತ್ರಜ್ಞ ಸೈಮನ್ ಕುಜ್ನೆಟ್ಸ್ 1955ರಲ್ಲಿ ಹೇಳಿದ್ದರು. ಅವರ ಕೈಯಲ್ಲಿದ್ದದ್ದು ಮುಖ್ಯವಾಗಿ ಅಮೆರಿಕ, ಇಂಗ್ಲೆಂಡ್, ಜರ್ಮನಿಯ ಲೆಕ್ಕ. ಬಹುಪಾಲು ಊಹೆ ಅಂತ ಅವರೇ ಬರೆದಿದ್ದರು. ಮಕ್ಕಳು ಅದನ್ನು ನಿಯಮ ಅಂತ ಬಾಯಿಪಾಠ ಮಾಡುತ್ತಾರೆ. ಭಾರತ, ಅಮೆರಿಕದ ಗೆರೆಗಳನ್ನು ಒಟ್ಟಿಗೆ ಹಾಕಿ ತೋರಿಸಿದೆ. ಇಳಿದದ್ದು ಎರಡು ಕಡೆಯೂ ಮತ್ತೆ ಏರಿದೆ. ಹಾಗಾದರೆ ಅದು ತಾನಾಗಿ ಆಗುವ ಮಾತಲ್ಲ ಅಲ್ವಾ?

ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡಿದ್ದ ಊರು ನಮ್ಮದು. ಹತ್ತಿ ಮಿಲ್ಲಿನಲ್ಲಿ ದುಡಿದವರ ಮೊಮ್ಮಕ್ಕಳು ನನ್ನ ಕ್ಲಾಸಿನಲ್ಲಿದ್ದಾರೆ. ಮಿಲ್ಲು ಮುಚ್ಚಿದ ಮೇಲೆ ಸಂಬಳ ಹೋಗಿ ದಿನಗೂಲಿಗೆ ಬಿದ್ದ ಮನೆಗಳು. ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವವರ ಮಗಳೊಬ್ಬಳು ಕೇಳಿದಳು: "ಮೇಡಂ, ತಾತಂಗಿಂತ ನಮ್ಮಪ್ಪನ ದುಡಿಮೆ ಜಾಸ್ತಿನೇ ಐತಿ. ಮತ್ತೆ ಪಾಲು ಹೆಂಗೆ ಕಮ್ಮಿ ಆತು?" ಇಡೀ ಪೀರಿಯಡ್ ಇದಕ್ಕೇ ಹೋಯಿತು. ಅಪ್ಪನ ಆದಾಯ ಬೆಳೆದಿದೆ, ಮೇಲಿನವರದ್ದು ಅದಕ್ಕಿಂತ ಎಷ್ಟೋ ಬೇಗ ಬೆಳೆದಿದೆ. ತಲಾ ಆದಾಯದ ಗೆರೆ ಏರುವಾಗಲೇ ಕೆಳಗಿನವರ ಪಾಲಿನ ಗೆರೆ ಇಳಿಯುವುದನ್ನು ಪರದೆ ಮೇಲೆ ನೋಡಿದಾಗ ಅವಳಿಗೆ ಅರ್ಥವಾಯಿತು.

ಕೊರತೆಯೂ ಇದೆ. ನಮ್ಮ ಆದಾಯ ಹಾಕಿದರೆ ದೇಶದಲ್ಲಿ ಎಷ್ಟನೇ ಮೆಟ್ಟಿಲಲ್ಲಿದ್ದೇವೆ ಅಂತ ತೋರಿಸುವ ಸೌಲಭ್ಯವಿದೆ. ಅದು ಕೇಳುವುದು ಒಂದೇ ಮೊತ್ತ. ಮಳೆಗಾಲದಲ್ಲಿ ಭತ್ತ ಒಣಗುವುದಿಲ್ಲ, ಭಟ್ಟಿ ಕೆಲಸ ಕಮ್ಮಿ. ಆ ಹುಡುಗಿ ನೋಟ್‌ಬುಕ್ಕಿನಲ್ಲಿ ತಿಂಗಳುಗಳನ್ನು ಸಾಲಾಗಿ ಬರೆದು, ಮಳೆ ತಿಂಗಳುಗಳ ಮುಂದೆ ಅರ್ಧ ಕೂಲಿ ಹಾಕಿ, "ಸಂಘದ ಕಂತು ಕಳೀಬೇಕಾ ಮೇಡಂ?" ಅಂದಳು. ಕೂಡಿ ಸರಾಸರಿ ಹಾಕಬಹುದು, ಆದರೆ ಆ ಮನೆಯ ಆಷಾಢ ಆ ಮೊತ್ತದಲ್ಲಿ ಕಾಣುವುದಿಲ್ಲ.

ಜಿಲ್ಲೆಯ ಲೆಕ್ಕ ಸಿಗುವುದಿಲ್ಲ. ಕನ್ನಡವೂ ಇಲ್ಲ, ಪದಗಳ ಅರ್ಥ ಮೊದಲೇ ಬೋರ್ಡಿನ ಮೇಲೆ ಬರೆದಿಡಬೇಕು. ಮೇಲಿನವರ ಪಾಲನ್ನು ಲೆಕ್ಕ ಹಾಕುವುದು ತೆರಿಗೆ ಅಂಕಿಅಂಶದಿಂದ, ಆದರೆ ನಮ್ಮಲ್ಲಿ ತೆರಿಗೆ ಕಟ್ಟುವವರೇ ಕಡಿಮೆ. ಅದರ ಮೇಲೆ 2000ದ ಆಸುಪಾಸಿನಿಂದ 2016ರವರೆಗೆ ಸರ್ಕಾರ ಆ ಅಂಕಿಅಂಶ ಪ್ರಕಟಿಸಲಿಲ್ಲ. ಹಾಗಾಗಿ ಕೆಲವು ವರ್ಷಗಳದ್ದು ಅಂದಾಜು. ಯಾವುದು ಅಂದಾಜು, ಯಾವುದು ತೆರಿಗೆ ಲೆಕ್ಕ ಅನ್ನುವುದನ್ನು ಗ್ರಾಫ್ ತೋರಿಸುವಾಗಲೇ ಮಕ್ಕಳಿಗೆ ಹೇಳಿಬಿಡಿ.