ಪವರ್ ಸ್ಟೇಷನ್‌ಗೆ ಸೋಲಾರ್ ಪ್ಯಾನೆಲ್: ಎರಡು ವರ್ಷ ಬಳಸಿದ ಮೇಲೆ

ಪವರ್ ಸ್ಟೇಷನ್ ಅಂದರೆ ಇಲ್ಲಿ ಬ್ಯಾಟರಿ, ಚಾರ್ಜರ್, ಇನ್ವರ್ಟರ್ ಎಲ್ಲ ಒಂದರಲ್ಲೇ ಇರುವ, ಎತ್ತಿಕೊಂಡು ಹೋಗಬಹುದಾದ ಪೆಟ್ಟಿಗೆ. ಬಳಸಿದ್ದು 1 ಕಿಲೋವ್ಯಾಟ್-ಅವರ್‌ನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯದು. ಸೋಲಾರ್ ಇನ್‌ಪುಟ್ 12ರಿಂದ 60 ವೋಲ್ಟ್, 12 ಆಂಪ್, ಗರಿಷ್ಠ 400 ವ್ಯಾಟ್. ಜಾಗ ಧಾರವಾಡದ ಒಂದು ಮನೆಯ ಮಾಳಿಗೆ. ಪೆಟ್ಟಿಗೆಗೆ ಐದಕ್ಕೆ ನಾಲ್ಕು ಅಂಕ. ಒಂದು ಅಂಕ ಕಳೆದದ್ದು ಕೈಪಿಡಿಗೆ: ವ್ಯಾಟ್ ಬಗ್ಗೆ ನಾಲ್ಕು ಪುಟ, ವೋಲ್ಟೇಜ್ ಬಗ್ಗೆ ಒಂದೇ ಸಾಲು. ಪೆಟ್ಟಿಗೆ ಸುಡುವುದೋ ಉಳಿಯುವುದೋ ಆ ಒಂದು ಸಾಲಿನ ಮೇಲೆಯೇ ನಿಂತಿದೆ.

ಅಂಗಡಿಯಲ್ಲಿ ‘12 ವೋಲ್ಟ್ ಪ್ಯಾನೆಲ್’ ಅಂತ ಕೊಡುವ 100 ವ್ಯಾಟ್ ಪ್ಯಾನೆಲ್‌ನ ಬೆನ್ನಿನ ಸ್ಟಿಕರ್ ಓದಿ. ಕೆಲಸ ಮಾಡುವಾಗಿನ ವೋಲ್ಟೇಜ್ ಸುಮಾರು 18, ಓಪನ್ ಸರ್ಕಿಟ್ ವೋಲ್ಟೇಜ್ ಅಂದರೆ ವಿಓಸಿ (ಪ್ಯಾನೆಲ್‌ನಿಂದ ಕರೆಂಟ್ ಹರಿಯದೇ ಇದ್ದಾಗಿನ ವೋಲ್ಟೇಜ್) ಸುಮಾರು 22. ಇಂಥ ಮೂರನ್ನು ಸೀರೀಸ್‌ನಲ್ಲಿ (ಒಂದರ ಪ್ಲಸ್ ಇನ್ನೊಂದರ ಮೈನಸ್‌ಗೆ, ವೋಲ್ಟೇಜ್ ಕೂಡುತ್ತದೆ) ಜೋಡಿಸುವವರು 18ನ್ನು ಮೂರರಿಂದ ಗುಣಿಸಿ ‘54, 60ರ ಒಳಗೇ ಇದೆಯಲ್ಲ’ ಅನ್ನುತ್ತಾರೆ. ಪ್ಲಗ್ ಚುಚ್ಚುವ ಗಳಿಗೆಯಲ್ಲಿ, ಆಮೇಲೆ ಬ್ಯಾಟರಿ ತುಂಬಿ ಚಾರ್ಜಿಂಗ್ ನಿಂತಾಗ, ಪ್ಯಾನೆಲ್ ಮೇಲೆ ಲೋಡ್ ಇರುವುದಿಲ್ಲ. ಆಗ ಪೆಟ್ಟಿಗೆಗೆ ಬಡಿಯುವುದು 66 ವೋಲ್ಟ್. ಒಳಗಿನ ಚಾರ್ಜ್ ಕಂಟ್ರೋಲರ್ ಸುಟ್ಟರೆ ವಾರಂಟಿ ಸಾಮಾನ್ಯವಾಗಿ ಸಿಗುವುದಿಲ್ಲ. ‘24 ವೋಲ್ಟ್’ ಅನ್ನುವ ಪ್ಯಾನೆಲ್‌ನ ವಿಓಸಿಯೂ 44ರ ಆಸುಪಾಸು. 28 ವೋಲ್ಟ್ ಮಿತಿಯ ಸಣ್ಣ ಪೆಟ್ಟಿಗೆಯನ್ನು ಸುಡಲು ಅದೊಂದೇ ಸಾಕು.

ಇನ್ನೊಂದು ಲೆಕ್ಕ ಚಳಿಯದು. ಸ್ಟಿಕರ್‌ನ ಅಂಕಿಗಳು 25 ಡಿಗ್ರಿಯವು. ತಂಪಾದಷ್ಟೂ ವೋಲ್ಟೇಜ್ ಏರುತ್ತದೆ, ಡಿಗ್ರಿಗೆ ಸುಮಾರು 0.28%. ಧಾರವಾಡದಲ್ಲಿ ಡಿಸೆಂಬರ್ ಮುಂಜಾನೆ 13 ಡಿಗ್ರಿಗೆ ಇಳಿದರೆ 49.5 ವಿಓಸಿಯ 540 ವ್ಯಾಟ್ ಪ್ಯಾನೆಲ್ 51 ದಾಟುತ್ತದೆ. ಹಾಗಾಗಿ 60ರ ಮಿತಿಗೆ ಒಟ್ಟು ವಿಓಸಿ 54 ಮೀರದಂತೆ ಇಟ್ಟುಕೊಳ್ಳಿ.

ಆಂಪ್ ಹೆಚ್ಚಾದರೆ ಗಾಬರಿ ಬೇಡ. 540 ವ್ಯಾಟ್ ಪ್ಯಾನೆಲ್ 13 ಆಂಪ್ ಕೊಡಬಲ್ಲದು, ಪೆಟ್ಟಿಗೆ ತನಗೆ ಬೇಕಾದಷ್ಟೇ ಎಳೆದುಕೊಂಡು 400 ವ್ಯಾಟ್‌ಗೆ ನಿಲ್ಲುತ್ತದೆ. ಮಿಕ್ಕಿದ್ದು ವ್ಯರ್ಥ, ಅಪಾಯವಲ್ಲ. ಆದರೂ ಕೈಪಿಡಿಯಲ್ಲಿ ಶಾರ್ಟ್ ಸರ್ಕಿಟ್ ಕರೆಂಟಿಗೆ (ಪ್ಯಾನೆಲ್‌ನ ಪ್ಲಸ್-ಮೈನಸ್ ನೇರ ಕೂಡಿದಾಗ ಹರಿಯುವ ಆಂಪ್) ಪ್ರತ್ಯೇಕ ಮಿತಿ ಬರೆದಿದ್ದರೆ ಅದನ್ನು ಪಾಲಿಸಿ.

ಹಳೆಯ 50 ವ್ಯಾಟ್ ಪ್ಯಾನೆಲ್ ಮೂಲೆಯಲ್ಲಿ ಬಿದ್ದಿದೆ ಅಂತ 100 ವ್ಯಾಟ್‌ನದರ ಜೊತೆ ಸೀರೀಸ್‌ಗೆ ಹಾಕಬೇಡಿ. ದೊಡ್ಡದೂ ಚಿಕ್ಕದರ 2.8 ಆಂಪ್‌ಗೆ ಇಳಿದು ಎರಡೂ ಸೇರಿ 100 ವ್ಯಾಟ್ ಬಂದೀತು. ಎರಡೂ ‘12 ವೋಲ್ಟ್’ನವೇ ಆಗಿದ್ದರೆ ಪ್ಯಾರಲಲ್ (ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್, ಆಂಪ್ ಕೂಡುತ್ತದೆ) ಮಾಡಿ, 150 ಸಿಗುತ್ತದೆ.

ಕನೆಕ್ಟರ್‌ನಲ್ಲೇ ಹೆಚ್ಚು ಎಡವಟ್ಟು. ಪ್ಯಾನೆಲ್ ಕಡೆಯ ಕನೆಕ್ಟರ್ ಎಂಸಿ4ನಿಂದ ಪೆಟ್ಟಿಗೆ ಕಡೆಯ ಎಕ್ಸ್‌ಟಿ60ಗೆ ಬರುವ ಅಗ್ಗದ ಅಡಾಪ್ಟರ್ ಕೇಬಲ್‌ಗಳಲ್ಲಿ ಪ್ಲಸ್-ಮೈನಸ್ ತಿರುವುಮುರುವಾದವು ಸಿಗುತ್ತವೆ, ವೈರಿನ ಕೆಂಪು-ಕಪ್ಪು ಬಣ್ಣ ನಂಬಬೇಡಿ. ಪ್ಯಾನೆಲ್ ಬಿಸಿಲಿಗಿಟ್ಟು, ಪೆಟ್ಟಿಗೆಗೆ ಹೋಗುವ ತುದಿಗೆ ಮಲ್ಟಿಮೀಟರ್ ಹಿಡಿಯಿರಿ. ಮೀಟರ್ ಡಿಸಿಯಲ್ಲಿರಲಿ, ಕೆಂಪು ಕಡ್ಡಿ ಪ್ಲಸ್‌ಗೆ. ಅಂಕಿಯ ಮುಂದೆ ಮೈನಸ್ ಗುರುತು ಬಂದರೆ ಅಲ್ಲಿಗೇ ನಿಲ್ಲಿಸಿ. ಚಾರ್ಜ್ ಆಗುತ್ತಿರುವಾಗ ಎಂಸಿ4 ಎಳೆದರೆ ಕಿಡಿ ಹಾರುತ್ತದೆ. ಮೊದಲು ಪ್ಯಾನೆಲ್ ಮೇಲೆ ದಪ್ಪ ಕಂಬಳಿ ಹೊದಿಸಿ.

ಮಾಳಿಗೆಯಿಂದ ಕೋಣೆಗೆ 15 ಮೀಟರ್ ಅಂದರೆ ಹೋಗಿ ಬರಲು 30 ಮೀಟರ್ ತಾಮ್ರ. ಮನೆ ವೈರಿಂಗಿನ 1.5 ಸ್ಕ್ವೇರ್ ಎಂಎಂ ವೈರಿನಲ್ಲಿ 10 ಆಂಪ್ ಹರಿದರೆ ಸುಮಾರು 4 ವೋಲ್ಟ್ ದಾರಿಯಲ್ಲೇ ಹೋಗುತ್ತದೆ. 4 ಸ್ಕ್ವೇರ್ ಸೋಲಾರ್ ಕೇಬಲ್‌ನಲ್ಲಿ ಒಂದೂವರೆ. ಎರಡು 100 ವ್ಯಾಟ್ ಪ್ಯಾನೆಲ್‌ಗಳನ್ನು ಪ್ಯಾರಲಲ್ ಬಿಟ್ಟು ಸೀರೀಸ್ ಮಾಡಿದ್ದೂ ಇದಕ್ಕೇ: ಒಟ್ಟು ವಿಓಸಿ 44, ಹರಿಯುವುದು ಐದೂವರೆ ಆಂಪ್. ಆದರೆ ಬೆಳಿಗ್ಗೆ ತೆಂಗಿನ ಗರಿಯ ನೆರಳು ಒಂದರ ಮೇಲೆ ಬಿದ್ದರೂ ಅರ್ಧದಷ್ಟು ಹೋಯಿತು.

ಇಳಿಜಾರು 15 ಡಿಗ್ರಿ, ಮುಖ ದಕ್ಷಿಣಕ್ಕೆ. ಏಪ್ರಿಲ್ ಮಧ್ಯಾಹ್ನ ಪ್ಯಾನೆಲ್ 65 ಡಿಗ್ರಿ ಕಾಯ್ದಾಗ 200ಕ್ಕೆ 155-160 ಬಂದರೆ ಒಳ್ಳೆಯದೇ. ಪೆಟ್ಟಿಗೆ ನೆರಳಲ್ಲಿರಲಿ, ಬ್ಯಾಟರಿ 45 ಡಿಗ್ರಿ ದಾಟಿದರೆ ಚಾರ್ಜಿಂಗ್ ತಾನೇ ನಿಲ್ಲಿಸುತ್ತದೆ. ಗದಗದ ಕಡೆಯ ಆಷಾಢದ ಗಾಳಿಗೆ ಮಡಚುವ ಪ್ಯಾನೆಲ್ ಹಾಳೆಯಂತೆ ಹಾರುತ್ತದೆ, ನಾಲ್ಕೂ ಮೂಲೆ ಕಟ್ಟಿ. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಇದೇ 200 ವ್ಯಾಟ್‌ಗೆ 20-30 ಸಿಕ್ಕರೆ ಹೆಚ್ಚು. ಜುಲೈನಲ್ಲಿ ಕರೆಂಟ್ ಇರುವಾಗಲೇ ಗೋಡೆಯ ಪ್ಲಗ್‌ನಿಂದ ತುಂಬಿಸಿಟ್ಟುಕೊಳ್ಳಿ.